ಲೇಪ ಒಳಗೆ ಬಿಟ್ಟಿದೆಯೇ? ಶಾಖವೇ ಹೇಳುತ್ತೆ

ಈ ಶಾಫ್ಟ್ ನೋಡಿ. ಸವೆದ ಜಾಗಕ್ಕೆ ಕರಗಿದ ಲೋಹ ಸ್ಪ್ರೇ ಮಾಡಿ ಹೊಸ ಪದರ ಕೊಟ್ಟಿದ್ದಾರೆ. ಹನಿಗಳು ವೇಗವಾಗಿ ಬಡಿದು, ಚಪ್ಪಟೆಯಾಗಿ, ಒಂದರ ಮೇಲೊಂದು ಕೂತಿವೆ. ಆದರೆ ಕೆಳಗೆ ಎಣ್ಣೆ ಜಿಡ್ಡು ಉಳಿದಿದ್ದರೆ ಲೇಪ ಕಚ್ಚಿಕೊಳ್ಳಲ್ಲ. ಹೊರಗಿಂದ ಅದು ಗೊತ್ತೇ ಆಗಲ್ಲ.

ಎಳೆದು ಕಿತ್ತು ನೋಡುವ ಪರೀಕ್ಷೆ ಇದೆ. ಅದರಲ್ಲಿ ಲೇಪವೇ ಹಾಳು.

ಅದಕ್ಕೇ ಈ ಫ್ಲ್ಯಾಶ್ ದೀಪ. ಕೆಲವೇ ಮಿಲಿಸೆಕೆಂಡು ಬೆಳಕು ಹೊಡೆದರೆ ಮೇಲ್ಮೈ ಸ್ವಲ್ಪ ಬಿಸಿಯಾಗುತ್ತೆ. ಲೇಪ ಗಟ್ಟಿಯಾಗಿ ಅಂಟಿರುವ ಕಡೆ ಶಾಖ ಸರಾಗವಾಗಿ ಒಳಗೆ ಇಳಿಯುತ್ತೆ. ಬಿಟ್ಟುಕೊಂಡಿರುವ ಕಡೆ ನಡುವೆ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸಲ್ಲ. ಹಾಗಾಗಿ ಆ ಜಾಗ ಮಾತ್ರ ಇನ್ನಷ್ಟು ಹೊತ್ತು ಬಿಸಿಯಾಗೇ ಇರುತ್ತೆ. ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ, ಇಗೋ, ಬೆಳ್ಳಗೆ ಹೊಳೆಯುವ ಕಲೆ!

ನನಗೆ ತುಂಬಾ ಇಷ್ಟವಾಗೋದು ಮುಂದಿನ ಲೆಕ್ಕ. ಕಲೆ ಎಷ್ಟು ಹೊತ್ತಿಗೆ ಮೂಡಿತು ಅನ್ನೋದರಿಂದ ದೋಷದ ಆಳ ಅಂದಾಜಿಸಬಹುದು. ಆಳ ಎರಡು ಪಟ್ಟಾದರೆ ಸಮಯ ನಾಲ್ಕು ಪಟ್ಟು. ತೆಳು ಲೇಪದಲ್ಲಿ ಎಲ್ಲವೂ ಕ್ಷಣಾರ್ಧದಲ್ಲಿ ಮುಗಿಯುತ್ತೆ, ಅದಕ್ಕೇ ಕ್ಯಾಮೆರಾ ಸೆಕೆಂಡಿಗೆ ನೂರಾರು ಫ್ರೇಮ್ ಹಿಡಿಯಬೇಕು.

ಉಜ್ಜಿ ನುಣುಪು ಮಾಡಿದ ಲೋಹ ಕಾಟ ಕೊಡುತ್ತೆ. ತನ್ನ ಶಾಖ ಸೂಸೋದು ಕಮ್ಮಿ, ಸುತ್ತಲಿನದನ್ನು ಪ್ರತಿಫಲಿಸೋದೇ ಜಾಸ್ತಿ. ತೊಳೆದರೆ ಹೋಗುವ ಕಪ್ಪು ಬಣ್ಣ ಬಳಿದು ನೋಡ್ತಾರೆ. ಸ್ಪ್ರೇ ಲೇಪದಲ್ಲಿ ಸಣ್ಣ ರಂಧ್ರಗಳಿರುತ್ತವೆ, ಬಣ್ಣ ಒಳಗೆ ಇಳಿಯದ ಹಾಗೆ ಜೋಪಾನ.

ಮೇಲ್ಮೈಗೆ ನೆಟ್ಟಗೆ ಇಳಿದ ಬಿರುಕು ಮಾತ್ರ ಈ ಫ್ಲ್ಯಾಶ್‌ಗೆ ಸಿಗೋದು ಕಷ್ಟ. ಅಂಥದಕ್ಕೆ ಲೇಸರ್‌ನಿಂದ ಒಂದೇ ಚುಕ್ಕಿ ಕಾಯಿಸಿ, ಪಕ್ಕಕ್ಕೆ ಹರಿಯುವ ಶಾಖಕ್ಕೆ ಎಲ್ಲಿ ತಡೆಯಾಗುತ್ತೆ ಅಂತ ನೋಡ್ತಾರೆ.