ಕೂಲರ್ ಪದೇ ಪದೇ ನಿಲ್ಲುತ್ತದೆಯೆ? ಗ್ಯಾಸ್ ತುಂಬಿಸುವ ಮೊದಲು ಗಡಿಯಾರ ಹಿಡಿಯಿರಿ

ಹಾಲು ತಣಿಸುವ ಬಲ್ಕ್ ಕೂಲರ್ ಪೂರ್ತಿ ಕೆಟ್ಟು ನಿಂತರೆ ಅಷ್ಟು ತಲೆನೋವಿಲ್ಲ. ಮೆಕ್ಯಾನಿಕ್‌ಗೆ ಹೇಳಿ ಕಳಿಸುತ್ತೇವೆ, ಹಾಲನ್ನು ಬೇರೆ ಕಡೆ ಸಾಗಿಸುತ್ತೇವೆ. ಕಷ್ಟ ಕೊಡುವುದು ಅರ್ಧ ಕೆಟ್ಟ ಕೂಲರ್. ನಾಲ್ಕು ನಿಮಿಷ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಸದ್ದು ಕೇಳಿದವರಿಗೆ ಕೆಲಸ ನಡೆದಿದೆ ಅಂತಲೇ ಅನ್ನಿಸುತ್ತದೆ. ಬೆಳಗ್ಗೆ ಹಾಲು ಕಾಯಿಸಿದಾಗ ಒಡೆಯುತ್ತದೆ, ಆಗ ಗೊತ್ತಾಗುತ್ತದೆ.

ಲೋಕಿಕೆರೆಯಲ್ಲಿ ನಮ್ಮದು ಭತ್ತ, ಮೆಕ್ಕೆಜೋಳದ ಬೇಸಾಯ. ಜೊತೆಗೆ ಕರೆಯುವ ಹಸು 11. ಅಕ್ಕಪಕ್ಕದ 4 ಮನೆಯ ಹಾಲೂ ಸೇರಿ ಸಂಜೆ ಹೊತ್ತಿಗೆ 200 ಲೀಟರ್ ಆಗುತ್ತದೆ. ಅದನ್ನು 500 ಲೀಟರಿನ ಹಳೇ ಕೂಲರಿನಲ್ಲಿ ರಾತ್ರಿಯಿಟ್ಟು ಬೆಳಗ್ಗೆ ದಾವಣಗೆರೆಯ ಹೋಟೆಲು, ಮನೆಗಳಿಗೆ ಕೊಡುತ್ತೇವೆ. 2024ರ ಮೇ ತಿಂಗಳಲ್ಲಿ ಎರಡು ದಿನ ಒಂದೇ ಸಮನೆ ಹಾಲು ವಾಪಸು ಬಂತು. ಇನ್ನೊಮ್ಮೆ ಹೀಗಾದರೆ ನಿಮ್ಮ ಹಾಲೇ ಬೇಡ ಎಂದರು ಹೋಟೆಲಿನವರು. ಹಾಲು ಹಾಕುವ ಪಕ್ಕದ ಮನೆಯಾಕೆ ನೇರವಾಗಿಯೇ ಹೇಳಿದಳು: "ಯಣ್ಣಾ, ಕೆಟ್ಟಿದ್ದು ನಮ್ಮ ಹಾಲಲ್ಲ, ನಿನ್ನ ಮಿಷನ್ನು. ನಮ್ಮ ದುಡ್ಡು ಹಿಡೀಬ್ಯಾಡ." ಆಕೆಯ ಮಾತು ನ್ಯಾಯವೇ. ಐದು ಮನೆಯ ಸಂಸಾರ ಆ ತೊಟ್ಟಿಯ ಮೇಲೆ ನಿಂತಿದೆ.

ಫೋನಿನಲ್ಲಿ ವಿಚಾರಿಸಿದರೆ ಮೆಕ್ಯಾನಿಕ್‌ನದು ಒಂದೇ ಉತ್ತರ: "ಗ್ಯಾಸ್ ಕಮ್ಮಿ ಆಗಿರ್ಬೇಕ್ರೀ, ತುಂಬಿಸಿದ್ರೆ ಸರಿ ಹೋಗ್ತದೆ." ಆತ ಬರುವುದಕ್ಕೆ ಎರಡು ದಿನ ಇತ್ತು. ಆ ಎರಡು ದಿನದಲ್ಲಿ ಕೈಗಡಿಯಾರ, ಒಂದು ಗಾಜಿನ ಥರ್ಮಾಮೀಟರು, ಒಂದು ನೋಟ್‌ಬುಕ್ಕು ಇಟ್ಟುಕೊಂಡು ನಾನು ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಕರೆದ ಹಾಲು 35 ಡಿಗ್ರಿಗಿಂತ ಬಿಸಿ ಇರುತ್ತದೆ. ಆ ಬಿಸಿಯಲ್ಲಿ ಹಾಲು ಹುಳಿಯಾಗಿಸುವ ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲವು. 4 ಡಿಗ್ರಿಗೆ ಇಳಿಸಿದರೆ ಅವುಗಳ ಬೆಳವಣಿಗೆ ತೀರಾ ನಿಧಾನ. ಆದ್ದರಿಂದ ಮೂರು ಮೂರೂವರೆ ಗಂಟೆಯೊಳಗೆ 4 ಡಿಗ್ರಿ ಮುಟ್ಟಿಸಬೇಕು.

200 ಲೀಟರ್ ಹಾಲನ್ನು 35ರಿಂದ 4 ಡಿಗ್ರಿಗೆ ಇಳಿಸಲು ಅದರಿಂದ ಹೊರಹಾಕಬೇಕಾದ ಶಾಖ ಸುಮಾರು 7 ಯೂನಿಟ್ಟಿನಷ್ಟು. ಒಂದು ಟನ್ ಸಾಮರ್ಥ್ಯದ ಯಂತ್ರ ಇದನ್ನು ಸುಮಾರು ಎರಡು ಗಂಟೆಯಲ್ಲಿ ಹೊರಹಾಕುತ್ತದೆ. ಈ ಎರಡು ಗಂಟೆ ಕಂಪ್ರೆಸರ್ ಬಿಡದೆ ಓಡಬೇಕು. ತಣ್ಣಗಾದ ಮೇಲೆ, ತೊಟ್ಟಿಯ ಹೊದಿಕೆ ಚೆನ್ನಾಗಿದ್ದರೆ, ಗಂಟೆಗಟ್ಟಲೆ ಸುಮ್ಮನಿರಬೇಕು. 200 ಲೀಟರ್ ತಣ್ಣನೆ ಹಾಲು ಮೂರು ನಿಮಿಷದಲ್ಲಿ ಎರಡು ಡಿಗ್ರಿ ಬಿಸಿಯಾಗುವುದು ಸಾಧ್ಯವೇ ಇಲ್ಲ.

ಗುಟ್ಟು ಇರುವುದು ಇಲ್ಲೇ ನೋಡಿ. ಕೂಲರ್ ಮೂರು ನಾಲ್ಕು ನಿಮಿಷಕ್ಕೊಮ್ಮೆ ನಿಂತು ಓಡುತ್ತಿದ್ದರೆ ಅದು ಹಾಲಿನ ಮಾತು ಕೇಳುತ್ತಿಲ್ಲ, ಬೇರೆ ಯಾವುದರದ್ದೋ ಮಾತು ಕೇಳುತ್ತಿದೆ. ಯಾರ ಮಾತು ಎಂದು ಹುಡುಕಿದರೆ ಆಯಿತು.

ಇದನ್ನು ಹಾಗೇ ಬಿಟ್ಟರೆ ಹಾಲಿನ ಜೊತೆ ಕಂಪ್ರೆಸರೂ ಹೋಗುತ್ತದೆ. ಪ್ರತಿ ಸಲ ಹೊರಡುವಾಗ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ವೈಂಡಿಂಗ್ ಕಾಯುತ್ತದೆ. ಗ್ಯಾಸಿನ ಜೊತೆ ಪೈಪಿಗೆ ಹೋದ ಆಯಿಲ್ ಹಿಂದಕ್ಕೆ ಬರುವಷ್ಟು ಹೊತ್ತು ಓಡುವುದೇ ಇಲ್ಲ. ನಿಂತ ಮೇಲೆ ಎರಡೂ ಕಡೆಯ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಅದಕ್ಕೂ ಮೊದಲೇ ಹೊರಟರೆ ಮೋಟಾರು ಮುಕ್ಕರಿಯುತ್ತದೆ.

ನಿಂತ ಕ್ಷಣದಲ್ಲಿ ಎರಡು ಅಂಕಿ

ಕಂಪ್ರೆಸರ್ ನಿಂತ ಕೂಡಲೇ ಎರಡು ಅಂಕಿ ಬರೆದುಕೊಳ್ಳಿ. ಒಂದು, ಪೆಟ್ಟಿಗೆಯ ಮೇಲಿನ ಡಿಸ್‌ಪ್ಲೇ ತೋರಿಸುವ ಡಿಗ್ರಿ. ಇನ್ನೊಂದು, ಹಾಲಿನ ನಿಜವಾದ ಡಿಗ್ರಿ. ಸೌಟಿನಲ್ಲಿ ಮೇಲಿನ ಹಾಲು ತೆಗೆದು ಥರ್ಮಾಮೀಟರ್ ಅದ್ದಿ ನೋಡಬೇಕು. ಗಾಜನ್ನು ತೊಟ್ಟಿಯೊಳಗೆ ಬಿಡಬೇಡಿ. ಎಷ್ಟು ನಿಮಿಷ ಓಡಿತು, ಎಷ್ಟು ನಿಮಿಷ ನಿಂತಿತು ಎನ್ನುವುದನ್ನೂ ಬರೆಯಿರಿ. ಹತ್ತು ಸಲ ಬರೆದರೆ ಸಾಕು, ರೋಗ ಮೂರರಲ್ಲಿ ಯಾವುದು ಎಂದು ತಿಳಿಯುತ್ತದೆ.

1. ಡಿಸ್‌ಪ್ಲೇ ಇನ್ನೂ 4ಕ್ಕೆ ಬಂದೇ ಇಲ್ಲ, ಆದರೂ ನಿಂತಿತು. ಹಾಗಾದರೆ ನಿಲ್ಲಿಸಿದ್ದು ಥರ್ಮೋಸ್ಟ್ಯಾಟ್ ಅಲ್ಲ, ಯಂತ್ರದ ಕಾವಲುಗಾರ. ಕಂಡೆನ್ಸರ್ ಕಡೆ ಒತ್ತಡ ಏರಿದರೆ ಹೈ ಪ್ರೆಶರ್ ಸ್ವಿಚ್ ನಿಲ್ಲಿಸುತ್ತದೆ. ಗ್ಯಾಸ್ ನಿಜಕ್ಕೂ ಕಡಿಮೆಯಿದ್ದರೆ ಲೋ ಪ್ರೆಶರ್ ಸ್ವಿಚ್. ವೋಲ್ಟೇಜು ಬಿದ್ದು ಮೋಟಾರು ಕಾದರೆ ಓವರ್‌ಲೋಡ್.

2. ಡಿಸ್‌ಪ್ಲೇ 4 ತೋರಿಸುತ್ತದೆ, ಹಾಲು ಮಾತ್ರ 7 ಅಥವಾ 10. ಸೆನ್ಸರ್ ಜಾಗ ಬಿಟ್ಟಿದೆ, ಇಲ್ಲವೇ ಹಾಲು ಕಲಕುವ ರೆಕ್ಕೆ ತಿರುಗುತ್ತಿಲ್ಲ. ಕಲಕದಿದ್ದರೆ ತಳದ ಹಾಲು ಗಟ್ಟಿಯಾಗುವಷ್ಟು ತಣ್ಣಗಾಗಿ ಮೇಲಿನದು ಬೆಚ್ಚಗೇ ಉಳಿಯುತ್ತದೆ.

3. ಡಿಸ್‌ಪ್ಲೇಯೂ 4, ಹಾಲೂ 4, ಆದರೂ ಬೇಗ ಬೇಗ ಹೊರಡುತ್ತದೆ. ನಿಲ್ಲುವ ಡಿಗ್ರಿಗೂ ಹೊರಡುವ ಡಿಗ್ರಿಗೂ ನಡುವೆ ಅಂತರ ಸಾಲದು. ಅರ್ಧ ಡಿಗ್ರಿ ಇದ್ದರೆ 2 ಡಿಗ್ರಿ ಮಾಡಿ. 3ಕ್ಕೆ ನಿಂತು 5ಕ್ಕೆ ಹೊರಟರೆ ಹಾಲಿಗೆ ತೊಂದರೆಯಿಲ್ಲ. ತೊಟ್ಟಿಯಲ್ಲಿ ಹಾಲು ತೀರಾ ಕಡಿಮೆಯಿದ್ದು ರೆಕ್ಕೆಗೆ ಮುಟ್ಟದಿದ್ದರೂ ಹೀಗಾಗುತ್ತದೆ.

ನಮ್ಮಲ್ಲಿ ಸಿಕ್ಕಿದ್ದು

ನನ್ನ ನೋಟ್‌ಬುಕ್ಕಿನ ಮೊದಲ ಸಂಜೆ: 4 ನಿಮಿಷ ಓಟ, 3 ನಿಮಿಷ ನಿಲುಗಡೆ. ನಿಂತಾಗ ಡಿಸ್‌ಪ್ಲೇ 16. ಅಂದರೆ ಮೊದಲನೇ ಗುಂಪು. ವೋಲ್ಟೇಜು ಅಳೆಸಿದೆ, ಸರಿಯಿತ್ತು. ಕಂಡೆನ್ಸರಿಗೆ ಕೈ ಹಿಡಿದರೆ ಹೊರಬರುವ ಗಾಳಿ ಹೆಸರಿಗಷ್ಟೇ ಇತ್ತು. ಟಾರ್ಚ್ ಬಿಟ್ಟು ನೋಡಿದರೆ ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಕಂಬಳಿ ಹೊದಿಸಿದ ಹಾಗೆ ಧೂಳು. ಬೇಸಿಗೆ ಭತ್ತದ ಕೊಯ್ಲಿನ ಮಿಷನ್ನು ಪಕ್ಕದ ಗದ್ದೆಯಲ್ಲೇ ಎರಡು ದಿನ ಓಡಿತ್ತು. ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ಹೈ ಪ್ರೆಶರ್ ಸ್ವಿಚ್ ತನ್ನ ಕೆಲಸ ಮಾಡುತ್ತಿತ್ತು. ನಮ್ಮದು ಒತ್ತಡ ಇಳಿದಾಗ ತಾನೇ ಕೂಡುವ ಬಗೆ. ಕೆಲವು ಯಂತ್ರದಲ್ಲಿ ಗುಂಡಿ ಒತ್ತಬೇಕಾಗುತ್ತದೆ.

ಮೈನ್ ಸ್ವಿಚ್ ತೆಗೆದು, ಮೃದುವಾದ ಬ್ರಷ್ಷಿನಿಂದ ರೆಕ್ಕೆಗಳ ಉದ್ದಕ್ಕೆ ಉಜ್ಜಿ, ಒಳಗಿನಿಂದ ಹೊರಕ್ಕೆ ಗಾಳಿ ಊದಿದೆವು. ಅಡ್ಡ ಉಜ್ಜಿದರೆ ರೆಕ್ಕೆ ಮಡಚಿ ಇರುವ ದಾರಿಯೂ ಮುಚ್ಚುತ್ತದೆ. ಕಂಡೆನ್ಸರಿನ ಬಿಸಿಗಾಳಿ ಅದೇ ಕೋಣೆಯಲ್ಲಿ ಸುತ್ತುತ್ತಿತ್ತು, ಹಿಂದಿನ ಕಿಟಕಿಯ ಹಲಗೆ ತೆಗೆಸಿದೆವು.

ಎರಡನೇ ಸಂಜೆ ಕಂಪ್ರೆಸರ್ ಒಂದೇ ಓಟಕ್ಕೆ ಒಂದೂಮುಕ್ಕಾಲು ಗಂಟೆ ಓಡಿತು. ಖುಷಿಯಾಯಿತು. ಆದರೆ ಆಮೇಲೆ ಮತ್ತೆ ಅದೇ ಆಟ. ಈ ಸಲ ನಿಂತಾಗ ಡಿಸ್‌ಪ್ಲೇ 4, ಸೌಟಿನ ಹಾಲು 7. ರೋಗ ಎರಡನೇ ಗುಂಪಿಗೆ ಬದಲಾಗಿತ್ತು. ರೆಕ್ಕೆ ಸರಿಯಾಗಿ ತಿರುಗುತ್ತಿತ್ತು. ಉಳಿದದ್ದು ಸೆನ್ಸರ್. ಅದರ ತುದಿ ತೊಟ್ಟಿಯ ಗೋಡೆಗೆ ಬೆಸೆದ ಚಿಕ್ಕ ಕೊಳವೆಯೊಳಗೆ ಇರಬೇಕು. ನಮ್ಮದು ಹೊರಗೆ ಜಾರಿ, ತಣ್ಣನೆ ಗ್ಯಾಸ್ ಹರಿಯುವ ತಾಮ್ರದ ಪೈಪಿಗೆ ತಾಗಿ ಕೂತಿತ್ತು. ಕಂಪ್ರೆಸರ್ ಹೊರಟ ಕೂಡಲೇ ಪೈಪು ತಣ್ಣಗಾಗುತ್ತದೆ, ಸೆನ್ಸರ್ "ಸಾಕು" ಎನ್ನುತ್ತದೆ. ನಿಂತ ಕೂಡಲೇ ಪೈಪು ಬೆಚ್ಚಗಾಗುತ್ತದೆ, "ಹೊರಡು" ಎನ್ನುತ್ತದೆ. ಹಾಲನ್ನು ಕೇಳುವವರೇ ಇಲ್ಲ.

ತುದಿಗೆ ಶಾಖ ದಾಟಿಸುವ ಪೇಸ್ಟ್ ಸವರಿ ಕೊಳವೆಯ ತಳಕ್ಕೆ ಮುಟ್ಟುವಂತೆ ತೂರಿಸಿ, ಮತ್ತೆ ಜಾರದಂತೆ ರಬ್ಬರ್ ಬಿರಡೆ ಹಾಕಿದೆವು. ಬ್ರಷ್ಷು, ಪೇಸ್ಟು ಎಲ್ಲಾ ಸೇರಿ ಖರ್ಚು 200 ರೂಪಾಯಿ ದಾಟಲಿಲ್ಲ. ಆ ರಾತ್ರಿ ತಣ್ಣಗಾದ ಮೇಲೆ ಬೆಳಗಿನವರೆಗೆ ಕಂಪ್ರೆಸರ್ ಹೊರಟಿದ್ದು ಎರಡೇ ಸಲ. ಮೆಕ್ಯಾನಿಕ್ ಬಂದು ಗೇಜು ಹಾಕಿ ನೋಡಿದ. ಗ್ಯಾಸ್ ಸರಿಯಾಗಿಯೇ ಇತ್ತು.

ಗ್ಯಾಸ್ ಬಗ್ಗೆ ಒಂದು ಮಾತು

ಗ್ಯಾಸ್ ಎಂದರೆ ಡೀಸೆಲ್ ಅಲ್ಲ, ಓಡಿದಷ್ಟೂ ಖರ್ಚಾಗಲು. ಅದು ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕಿ ಬೆಸೆಯದೆ ಬರೀ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಜಾಸ್ತಿ ತುಂಬಿಸಿದರೂ ಒತ್ತಡ ಏರಿ ಅದೇ ಆಟ ಶುರುವಾಗುತ್ತದೆ. ಗೇಜು ಹಾಕದೆ ತುಂಬಿಸಲು ಬಿಡಬೇಡಿ.

ಇನ್ನೊಂದು ಅಪಾಯ. ಪ್ರೆಶರ್ ಸ್ವಿಚ್ಚಿನ ಎರಡು ವೈರು ಜೋಡಿಸಿ "ಈಗ ನಿಲ್ಲಲ್ಲ ಬಿಡ್ರಿ" ಎನ್ನುವವರಿದ್ದಾರೆ. ಹೌದು, ಕಂಪ್ರೆಸರ್ ಸುಟ್ಟುಹೋಗುವವರೆಗೆ ನಿಲ್ಲುವುದಿಲ್ಲ. ಕಾವಲು ನಾಯಿ ಬೊಗಳಿದರೆ ಕಳ್ಳನನ್ನು ಹುಡುಕಬೇಕು, ನಾಯಿಯ ಬಾಯಿ ಕಟ್ಟಬಾರದು.

ಮೀನಿನ ತೊಟ್ಟಿಗೂ ಇದೇ

ದಾವಣಗೆರೆಯಲ್ಲಿರುವ ನಮ್ಮ ಭಾವಮೈದುನ ಗಾಜಿನ ತೊಟ್ಟಿಯಲ್ಲಿ ಮೀನು ಸಾಕಿದ್ದಾನೆ. ಬೇಸಿಗೆಗೆ ಅಕ್ವೇರಿಯಂ ಚಿಲ್ಲರ್ ತಂದಿದ್ದ. ಅದೂ ಹೀಗೇ ಪದೇ ಪದೇ ನಿಲ್ಲುತ್ತಿತ್ತು. ಅಲ್ಲಿ ಸೆನ್ಸರ್ ಇರುವುದು ಚಿಲ್ಲರಿನೊಳಗೆ. ಫಿಲ್ಟರ್ ಕಟ್ಟಿ ಪಂಪಿನ ನೀರು ನಿಧಾನವಾಗಿತ್ತು. ಚಿಲ್ಲರಿನೊಳಗಿನ ಸ್ವಲ್ಪ ನೀರು ಬೇಗ ತಣ್ಣಗಾಗಿ ಯಂತ್ರ ನಿಲ್ಲುತ್ತಿತ್ತು, ತೊಟ್ಟಿಯ ನೀರು ಬಿಸಿಯಾಗಿಯೇ ಇತ್ತು. ಫಿಲ್ಟರ್ ತೊಳೆದು, ಗೋಡೆಗೆ ಒತ್ತಿ ಇಟ್ಟಿದ್ದ ಚಿಲ್ಲರನ್ನು ಒಂದು ಅಡಿ ಈಚೆಗೆ ಎಳೆದ ಮೇಲೆ ಸರಿಯಾಯಿತು.

ಈಗ ನಮ್ಮ ಕೂಲರ್ ಪಕ್ಕ ಮೊಳೆಗೆ ಒಂದು ನೋಟ್‌ಬುಕ್ಕು ನೇತುಹಾಕಿದ್ದೇವೆ. ನಾಲ್ಕೇ ಕಾಲಂ: ಓಡಿದ ನಿಮಿಷ, ನಿಂತ ನಿಮಿಷ, ಡಿಸ್‌ಪ್ಲೇ, ಹಾಲು. ವಾರಕ್ಕೊಮ್ಮೆ ಬರೆದರೆ ಸಾಕು. ಮೇ ತಿಂಗಳ ಭತ್ತದ ಕೊಯ್ಲು, ನವೆಂಬರಿನ ಮೆಕ್ಕೆಜೋಳದ ಒಕ್ಕಣೆ ಮುಗಿದ ಕೂಡಲೇ ಕಂಡೆನ್ಸರಿಗೆ ಬ್ರಷ್ ಆಡಿಸುತ್ತೇವೆ. ಮೆಕ್ಯಾನಿಕ್ ಬಂದರೂ ಮೊದಲು ಆ ನೋಟ್‌ಬುಕ್ಕನ್ನೇ ಕೇಳುತ್ತಾನೆ.