ಜಾಣಮಕ್ಕಳ ಬೇಸಿಗೆಯ ಗುರುಕುಲವಾಸ

ಊರಿನ ಶಾಲೆಯಲ್ಲಿ ಮೊದಲಿಗನೆನಿಸಿದ ಮಗನನ್ನೋ ಮಗಳನ್ನೋ ಬೇಸಿಗೆಯ ರಜೆಯಲ್ಲಿ ದೂರದ ಪಟ್ಟಣದ ಶಿಬಿರಕ್ಕೆ ಕಳುಹಿಸಬೇಕೆ, ಬೇಡವೆ ಎಂಬ ಪ್ರಶ್ನೆಯು ಈಗ ಹಳ್ಳಿಯ ಗೃಹಸ್ಥರ ಮನೆಗಳಿಗೂ ಬಂದಿದೆ. ಕೊಳ್ಳೇಗಾಲದ ಸೀಮೆಯ ಕುಂತೂರಿನಂತಹ ಊರಿಗೆ ಈ ವಿಚಾರವು ಹೊಸತಲ್ಲ. ಕಂಸಾಳೆಯವರು ಹಾಡುವ ಮಲೆಯ ಮಾದೇಶ್ವರನ ಕಥೆಯಲ್ಲಿ ಸುತ್ತೂರು ಮಠವೂ ಕುಂತೂರು ಮಠವೂ ಬರುತ್ತವೆ. ಮನೆಯ ಹೊಸ್ತಿಲನ್ನು ದಾಟಿ ಗುರುಗಳ ಬಳಿ ಕೆಲಕಾಲ ಇದ್ದಲ್ಲದೆ ಬುದ್ಧಿಯು ಪಕ್ವವಾಗದೆಂಬ ನಂಬಿಕೆ ನಮ್ಮಲ್ಲಿ ಹಳೆಯದು.

ಈ ಕಾಲದ ಗುರುಕುಲವಾಸಕ್ಕೆ ಗಣಿತ ಒಲಿಂಪಿಯಾಡಿನ ಶಿಬಿರವು ಒಳ್ಳೆಯ ನಿದರ್ಶನ. 1959ರಲ್ಲಿ ರುಮೇನಿಯಾದಲ್ಲಿ ಮೊದಲಾದ ಈ ಅಂತರರಾಷ್ಟ್ರೀಯ ಸ್ಪರ್ಧೆಗೆ ಭಾರತವು 1989ರಿಂದ ವಿದ್ಯಾರ್ಥಿಗಳನ್ನು ಕಳುಹಿಸುತ್ತಿದೆ. ಹಲವು ಪರೀಕ್ಷೆಗಳಲ್ಲಿ ಆಯ್ದ ಬಾಲಕ ಬಾಲಕಿಯರನ್ನು ಬೇಸಿಗೆಯಲ್ಲಿ ಸುಮಾರು ಒಂದು ತಿಂಗಳು ಒಂದೆಡೆ ಇರಿಸಿ ಪಾಠ ಹೇಳುವರು. ಬಹು ವರ್ಷಗಳವರೆಗೆ ಇದು ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ನಡೆಯಿತು. ಬೆಂಗಳೂರಿನ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಮೊದಲಾದ ವಿದ್ವಾಂಸರು ಇಂತಹ ಮಕ್ಕಳನ್ನು ತಿದ್ದಲು ಅನೇಕ ವರ್ಷ ಶ್ರಮಿಸಿದವರು. ಕೊನೆಗೆ ತಂಡಕ್ಕೆ ಆರಿಸುವುದು ಆರು ಮಂದಿಯನ್ನು ಮಾತ್ರ. ಅಲ್ಲಿ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರೇ ಪ್ರಶ್ನೆಗಳು. ಪ್ರಶ್ನೆಯೊಂದಕ್ಕೆ 7ರಂತೆ ಒಟ್ಟು 42 ಅಂಕಗಳು.

ಪ್ರಶ್ನೆಯ ರೀತಿಯನ್ನು ಅರಿಯಲು ವಾಚಕರು ಚದುರಂಗದ ಮಣೆಯನ್ನೇ ತೆಗೆದುಕೊಳ್ಳಬಹುದು. ಅದರ 64 ಮನೆಗಳಲ್ಲಿ ಎದುರುಬದುರಿನ ಎರಡು ಮೂಲೆಗಳನ್ನು ಬಿಟ್ಟರೆ 62 ಉಳಿಯುವುವು. ಎರಡೆರಡು ಮನೆಗಳನ್ನು ಮುಚ್ಚುವ 31 ಬಿಲ್ಲೆಗಳಿಂದ ಅವನ್ನೆಲ್ಲ ಮುಚ್ಚಬಹುದೆ? ಎಷ್ಟು ಜೋಡಿಸಿದರೂ ಆಗದು. ಪ್ರತಿ ಬಿಲ್ಲೆಯೂ ಒಂದು ಕರಿಯ, ಒಂದು ಬಿಳಿಯ ಮನೆಯನ್ನು ಮುಚ್ಚುತ್ತದೆ. ಬಿಟ್ಟ ಮೂಲೆಗಳೆರಡೂ ಒಂದೇ ಬಣ್ಣದವು. ಉಳಿದುದು ಒಂದು ಬಣ್ಣದಲ್ಲಿ 32, ಇನ್ನೊಂದರಲ್ಲಿ 30. ಕೈಯ ಚುರುಕಿನಿಂದ ಬಗೆಹರಿಯದುದು ನಿಂತು ನೋಡುವ ತಾಳ್ಮೆಯಿಂದ ಬಗೆಹರಿಯಿತು.

ಶಿಬಿರದ ಮುಖ್ಯ ಪಾಠವೂ ಈ ತಾಳ್ಮೆಯೇ. ಊರಿನಲ್ಲಿ ತಾನೊಬ್ಬನೇ ಜಾಣನೆಂದು ಬೆಳೆದ ಮಗುವು ಅಲ್ಲಿ ತನ್ನಂತಹ ಮೊದಲಿಗರ ನಡುವೆ ಕುಳಿತುಕೊಳ್ಳುತ್ತದೆ. ಎರಡು ದಿನ ಹೆಣಗಿದರೂ ಒಂದು ಲೆಕ್ಕವೂ ಬಿಡದಿರಬಹುದು; ಪಕ್ಕದವನಿಗೆ ಅದು ಗಳಿಗೆಯಲ್ಲಿ ಹೊಳೆಯಬಹುದು. ಆಗ ಅಭಿಮಾನಭಂಗವಾಗಿ, ಊರಿಗೆ ಬಂದುಬಿಡುತ್ತೇನೆಂದು ಮನೆಗೆ ಹೇಳಿಕಳುಹಿಸುವುದೂ ಉಂಟು. ತಂದೆತಾಯಿಗಳ ಪರೀಕ್ಷೆಯು ಆ ಗಳಿಗೆಯಲ್ಲಿದೆ. ಹೆದರಿ ಕರೆಸಿಕೊಂಡರೆ ಸೋಲೆಂಬುದು ಅವಮಾನವೆಂದು ಕಲಿಸಿದಂತಾಗುವುದು. ಗದರಿಸಿದರೆ ಮಗುವು ಮುಂದೆ ತನ್ನ ಕಷ್ಟವನ್ನು ಹೇಳಿಕೊಳ್ಳಲಾರದು. “ಬಾರದಿದ್ದರೆ ಬೇಡ, ಮಗು, ಪಕ್ಕದವನನ್ನು ಕೇಳಿ ತಿಳಿದುಕೊ” ಎಂಬ ಮಾತು ಸಾಕು. ಆದರೆ ನಿದ್ರಾಹಾರಗಳನ್ನು ತೊರೆದು ಕೊರಗುವ ಮಗುವನ್ನು ಮನೆಗೆ ಕರೆತರುವುದರಲ್ಲಿ ನಾಚಿಕೆಯೇನೂ ಇಲ್ಲ.

ಆರರಲ್ಲಿ ಸೇರದೆ ಮರಳುವವರೇ ಹೆಚ್ಚು. ಅವರಿಗೆ ಪದಕವಿಲ್ಲ. ಆದಕಾರಣ ಮರಳಿ ಬಂದವನನ್ನು “ಎಷ್ಟನೆಯವನಾದೆ?” ಎಂದು ಕೇಳದೆ, “ಯಾವ ಲೆಕ್ಕವು ನಿನ್ನನ್ನು ಬಹಳ ಕಾಡಿತು?” ಎಂದು ಕೇಳಿರಿ. ಅವನು ಚದುರಂಗದ ಮಣೆಯನ್ನು ತಂಗಿಯ ಮುಂದಿಟ್ಟು, ಉತ್ತರವನ್ನು ತಾನೇ ಹೇಳಿಬಿಡದೆ, ಅವಳಿಗೆ ಹೊಳೆಯುವವರೆಗೆ ಕಾದು ಕುಳಿತನಾದರೆ, ಆ ಒಂದು ತಿಂಗಳು ವ್ಯರ್ಥವಾಗಲಿಲ್ಲವೆಂದು ತಿಳಿಯತಕ್ಕದ್ದು.