ಓಡುವುದೂ ‘ಫಾಸ್ಟ್’, ಅಲುಗದಿರುವುದೂ ‘ಫಾಸ್ಟ್’

ನಮ್ಮ ಪ್ರಯೋಗಶಾಲೆಯ ಹಳೆಯ ಕೈಪಿಡಿಯೊಂದರಲ್ಲಿ, ಲೋಲಕದ ಪ್ರಯೋಗಕ್ಕೆ ‘ಮೇಕ್ ದಿ ಥ್ರೆಡ್ ಫಾಸ್ಟ್’ ಎಂಬ ಸೂಚನೆಯುಂಟು. ವಿದ್ಯಾರ್ಥಿಯೊಬ್ಬ ಇದನ್ನು ‘ಬೇಗ ಕಟ್ಟು’ ಎಂದು ತಿಳಿದು, ಅವಸರದಲ್ಲಿ ಸಡಿಲವಾದ ಗಂಟು ಹಾಕಿದ. ಮೂರನೆಯ ಆಂದೋಲನಕ್ಕೇ ಹಿತ್ತಾಳೆಯ ಗುಂಡು ಕಳಚಿ ಅವನ ಕಾಲಿನ ಮೇಲೆ ಬಿದ್ದಿತು. ಸೂಚನೆಯ ಅರ್ಥ ‘ದಾರವನ್ನು ಭದ್ರವಾಗಿ ಬಿಗಿ’ ಎಂದು. ಹುಡುಗನನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. ವೇಗಕ್ಕೂ ನಿಶ್ಚಲತೆಗೂ ಒಂದೇ ಪದವನ್ನು ಬಳಸುವ ಭಾಷೆಯದೂ ತಪ್ಪಲ್ಲವೆ?

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಈ ಕ್ರಿಯಾವಿಶೇಷಣಕ್ಕೆ ‘ಭದ್ರವಾಗಿ’ ಎಂಬುದೇ ಅರ್ಥ. ವೇಗದ ಸುಳಿವೂ ಇರಲಿಲ್ಲ. ಅದರ ಸೋದರ ಪದವಾದ ಜರ್ಮನ್ ಭಾಷೆಯ ‘ಫೆಸ್ಟ್’ ಇಂದಿಗೂ ದೃಢತೆಯನ್ನೇ ಸೂಚಿಸುತ್ತದೆ. ಇಂಗ್ಲಿಷಿನಲ್ಲಿ ಗಾಢನಿದ್ರೆಯಲ್ಲಿರುವವನು ‘ಫಾಸ್ಟ್ ಅಸ್ಲೀಪ್’. ಒಗೆದರೆ ಬಿಡದ ಬಣ್ಣ ‘ಫಾಸ್ಟ್ ಕಲರ್’. ಉಪವಾಸವನ್ನು ಹೇಳುವ ‘ಫಾಸ್ಟ್’ ಸಹ ಇದೇ ಮೂಲದ್ದು: ನಿಯಮವನ್ನು ಬಿಗಿಯಾಗಿ ಹಿಡಿದಿರುವುದೇ ಉಪವಾಸ. ಅದನ್ನು ಮುರಿಯುವ ಊಟ ‘ಬ್ರೇಕ್‌ಫಾಸ್ಟ್’.

ಹಾಗಾದರೆ ವೇಗದ ಅರ್ಥ ಬಂದುದೆಲ್ಲಿಂದ? ಬಿಗಿಯಾಗಿ ಹಿಡಿಯಲು ಬಲ ಬೇಕು. ಆದುದರಿಂದ ‘ಭದ್ರವಾಗಿ’ ಎಂಬುದು ‘ಬಲವಾಗಿ’ ಎಂದಾಯಿತು. ಬಲವೆಲ್ಲ ಹಾಕಿ ಓಡುವವನು ಬೇಗ ಓಡುತ್ತಾನೆ. ಸುಮಾರು ಹದಿಮೂರನೆಯ ಶತಮಾನದ ವೇಳೆಗೆ ಹೊಸ ಅರ್ಥ ತಲೆದೋರಿತು. ಸ್ಕ್ಯಾಂಡಿನೇವಿಯದ ಭಾಷೆಯ ಪ್ರಭಾವವೂ ಇದ್ದಿರಬಹುದೆಂದು ವಿದ್ವಾಂಸರ ಊಹೆ. ಬೇಟೆಯ ಬೆನ್ನಿಗೆ ಬಿಡದೆ ಅಂಟಿಕೊಂಡು ಓಡುವವನಿಂದ ಈ ಅರ್ಥ ಬಂದಿತೆಂಬ ಮತವೂ ಉಂಟು. ನನಗೆ ಮೊದಲನೆಯದೇ ಒಪ್ಪಿಗೆ. ಏಕೆಂದರೆ ಕನ್ನಡದಲ್ಲಿಯೂ ಅದೇ ನಡೆದಿದೆ. ಪಾರಸಿಯ ‘ಜೋರ್’ ಎಂದರೆ ಬಲ. ‘ಜೋರಾಗಿ ತಳ್ಳು’ ಎಂದಾಗ ನಾವು ಬಲವನ್ನೇ ಹೇಳುತ್ತೇವೆ. ‘ಜೋರಾಗಿ ಓಡು’ ಎಂದೊಡನೆ ಅದು ವೇಗವಾಗಿಬಿಡುತ್ತದೆ!

ವಿಜ್ಞಾನದ ಪುಸ್ತಕಗಳಲ್ಲಿ ಎರಡು ಅರ್ಥಗಳೂ ಜೀವಂತವಾಗಿವೆ. ಕ್ಷಯರೋಗದ ಬ್ಯಾಕ್ಟೀರಿಯಾ ‘ಆಸಿಡ್ ಫಾಸ್ಟ್’. ಅದು ಆಮ್ಲದಲ್ಲಿ ಓಡುವುದೆಂದಲ್ಲ. ಮೇಣದಂತಹ ಹೊರಕವಚದ ದೆಸೆಯಿಂದ, ಆಮ್ಲದಿಂದ ತೊಳೆದರೂ ಹಿಡಿದ ಬಣ್ಣವನ್ನು ಬಿಡದು ಎಂದರ್ಥ. ಕಲ್ಪಾಕ್ಕಂನಲ್ಲಿ 1985ರಲ್ಲಿ ಕ್ರಿಯಾಶೀಲವಾದ ‘ಫಾಸ್ಟ್ ಬ್ರೀಡರ್’ ಪರೀಕ್ಷಾ ರಿಯಾಕ್ಟರಿನ ಹೆಸರಿನಲ್ಲಿರುವುದಾದರೋ ವೇಗವೇ. ಆದರೆ ಅಲ್ಲಿಯೂ ಎಚ್ಚರ ಬೇಕು: ವೇಗವು ಇಂಧನವನ್ನು ಹುಟ್ಟಿಸುವ ಕೆಲಸದ್ದಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ವೇಗವಿರುವುದು ನ್ಯೂಟ್ರಾನುಗಳಿಗೆ. ವಿದಳನದಲ್ಲಿ ಅವು ಸೆಕೆಂಡಿಗೆ ಸುಮಾರು 20,000 ಕಿಲೋಮೀಟರು ವೇಗದಿಂದ ಹೊಮ್ಮುತ್ತವೆ. ಈ ರಿಯಾಕ್ಟರಿನಲ್ಲಿ ಅವುಗಳನ್ನು ಬೇಕೆಂದೇ ನಿಧಾನಗೊಳಿಸುವ ಏರ್ಪಾಡಿಲ್ಲ.